ಕೆಂಪು ಗರಿಮೀನು

ಹಿರಿಯೂರು ಪೇಟೆಯಲ್ಲಿ ಕೊರಳಿಗೆ ಲಿಂಗ ಕಟ್ಟಿಕೊಂಡವರಲ್ಲಿ ಮುಕ್ಕಾಲು ಮಂದಿಯ ಶಿವದಾರ ಮರುಳಸಿದ್ದಮ್ಮನ ಕೈಯಲ್ಲಿ ಹೊಸೆದದ್ದೇ. ಅವಳ ಗಂಡ ಮುರುಗಪ್ಪನ ನೂಲಿನಂಗಡಿಯಲ್ಲಿ ಬೇರೆ ಊರಿನ ದಾರವೂ ಇರುತ್ತಿತ್ತು. ಗಿರಾಕಿಗಳು ಅದನ್ನು ಮುಟ್ಟಿ ನೋಡಿ, ಹಾಗೇ ಕೆಳಗಿಟ್ಟು, "ಇದು ಬ್ಯಾಡ ಬಿಡ್ರಿ, ನಿಮ್ಮ ಮನೇರು ಮಾಡಿದ್ದು ಕೊಡ್ರಿ" ಎನ್ನುತ್ತಿದ್ದರು. ಸಿದ್ದಮ್ಮನ ದಾರ ಬೆವರಿಗೆ ಕೊಳೆಯುತ್ತಿರಲಿಲ್ಲ, ನೀರಿಗೆ ಹಿಗ್ಗುತ್ತಿರಲಿಲ್ಲ. ತುದಿಯನ್ನು ಅದರದೇ ಸುತ್ತುಗಳ ಅಡಿಗೆ ತೂರಿಸಿ ಎಳೆದು ಅವಳು ಮುಗಿಸುತ್ತಿದ್ದ ರೀತಿಗೆ, ಗಂಟು ಎಲ್ಲಿದೆ ಎಂದು ಉಗುರಿನಿಂದ ಹುಡುಕಿದರೂ ಸಿಕ್ಕುತ್ತಿರಲಿಲ್ಲ.

ಆ ಕೆಲಸ ಕೈಗೆ ಅಷ್ಟು ಚೆನ್ನಾಗಿ ಗೊತ್ತಾಗಿಬಿಟ್ಟಿದ್ದೇ ತೊಂದರೆ. ಕಾಲಿನ ಹೆಬ್ಬೆರಳಿಗೆ ಎಳೆ ಸಿಕ್ಕಿಸಿ ತೊಡೆಯ ಮೇಲೆ ಹೊಸೆಯುತ್ತ ಕೂತರೆ ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು, ಮನಸ್ಸು ಮಾತ್ರ ಕಟ್ಟು ಬಿಚ್ಚಿದ ಕರುವಿನ ಹಾಗೆ ಎಲ್ಲೆಂದರಲ್ಲಿ ನುಗ್ಗುತ್ತಿತ್ತು. ಒಬ್ಬಳೇ ಮಗಳು ಹಾಲಮ್ಮನನ್ನು ಹೊಳಲ್ಕೆರೆಗೆ ಕೊಟ್ಟು ಕಳಿಸಿದ ಮೇಲಂತೂ ಸಿದ್ದಮ್ಮ ಕೂತಲ್ಲಿ ಕೂರಲಾರದವಳಾದಳು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುವಳು. ಬೇಳೆ ನೆನೆಹಾಕಿ ಮರೆತು, ಮಧ್ಯಾಹ್ನ ನೆನಪಾಗಿ ತಲೆ ಚಚ್ಚಿಕೊಳ್ಳುವಳು. ಏನೋ ಬೇಕು, ಏನೆಂದು ಕೇಳಿದರೆ ಹೇಳಲು ಬಾರದು.

"ನಿನಗೇನು ಕಮ್ಮಿ ಆಗೈತೆ ಹೇಳೇ" ಎಂದು ಮುರುಗಪ್ಪ ಒಮ್ಮೆ ಕೇಳಿದ್ದ. ಕೆಟ್ಟ ಮನುಷ್ಯನಲ್ಲ. ಕಮ್ಮಿಯಾದದ್ದನ್ನು ಅಂಗಡಿಯಿಂದ ತಂದುಕೊಡಬಹುದು ಎಂದು ನಂಬಿದ್ದವನು.

ಆ ಏನೋ ಒಂದು ಬಂದದ್ದು ಹಿತ್ತಲ ಗೋಡೆಯ ಮೇಲಿಂದ, ಹುಸೇನ್ ಬೀಯ ಕೈಯಲ್ಲಿ.

ಎರಡು ಮನೆಗಳ ಹಿತ್ತಲಿಗೂ ಒಂದೇ ಮೋಟುಗೋಡೆ. ಆಚೆಯ ಹುಸೇನ್ ಬೀಯ ಗಂಡ ಜಮಾಲ್ ಸಾಬ್, ಕಾಲುವೆ ದೊರೆಯ ಬಂಗಲೆಯಲ್ಲಿ ಕೆಲಸಕ್ಕಿದ್ದ. ಮಾರಿಕಣಿವೆಯ ಕಟ್ಟೆ ಎದ್ದು ಕೆಲವು ವರ್ಷಗಳಾಗಿದ್ದವು. ಅದರ ಕಾಲುವೆಗಳನ್ನು ನೋಡಿಕೊಳ್ಳಲು ಬಂದಿದ್ದ ಆ ಇಂಗ್ಲೀಷ್ ದೊರೆಗೆ ಕಾಲುವೆಗಿಂತ ಮೀನಿನ ಮೇಲೆ ಪ್ರಾಣ. ಪುರಸತ್ತು ಸಿಕ್ಕಿದರೆ ಸಾಕು, ಉದ್ದನೆಯ ಬೆತ್ತ ಹಿಡಿದು ವೇದಾವತಿಯ ಮಡುಗಳಲ್ಲಿ ನಿಲ್ಲುತ್ತಿದ್ದ. ಜಮಾಲ್ ಸಾಬ್ ಬುತ್ತಿ, ಬಲೆ, ಛತ್ರಿ ಹೊತ್ತು ಹಿಂದೆ ಹೋಗಬೇಕು.

"ಸಿದ್ದಕ್ಕಾ, ಒಂದು ಮಾರು ದಾರ ಕೊಡಮ್ಮ" ಎಂದು ಹುಸೇನ್ ಬೀ ಆ ದಿನ ಗೋಡೆಯ ಮೇಲಿಂದ ಕೈ ಚಾಚಿದಳು. "ತೆಳ್ಳಗಿರ್ಬೇಕು, ಜೇನುಮೇಣ ತಿಕ್ಕಿರ್ಬೇಕು, ನೀರಿನಾಗೆ ಬಿಚ್ಚಬಾರ್ದು. ನಮ್ಮೋರು ಪ್ರಾಣ ತಿಂತಾ ಅವರೆ."

"ಏನಕ್ಕೆ ಬೂಬಮ್ಮ?"

ಹುಸೇನ್ ಬೀ ಅಂಗೈ ಬಿಚ್ಚಿ ತೋರಿಸಿದಳು. ಬೆರಳುದ್ದದ ಒಂದು ಗಾಳ. ಅದರ ಬೆನ್ನಿಗೆ ಬಣ್ಣಬಣ್ಣದ ಗರಿಗಳನ್ನು ಕಟ್ಟಿ, ಮೈಗೆ ಬೆಳ್ಳಿಯ ಎಳೆ ಸುತ್ತಿದ್ದರು. ಗರಿಗಳು ಹಿಂದಕ್ಕೆ ಒರಗಿ ಗಾಳದ ಬಾಲ ಮೀರಿ ಚಾಚಿದ್ದವು. ಮೀನಿನ ಹಲ್ಲು ತಾಗಿ ಅರ್ಧ ಕಿತ್ತುಹೋಗಿತ್ತು.

"ದೊರೆ ಇದನ್ನ ನೊಣ ಅಂತಾರಂತೆ" ಎಂದಳು ಹುಸೇನ್ ಬೀ. "ಇಷ್ಟುದ್ದ ನೊಣ! ಅವರ ಊರಾಗೆ ಸೊಳ್ಳೆ ಎಷ್ಟುದ್ದ ಇರ್ತವೋ ತಾಯಿ. ನೀರಿನಾಗೆ ಎಳೆದ್ರೆ ಮರಿಮೀನು ಹೋದಂಗೆ ಕಾಣ್ತೈತಂತೆ. ದೊಡ್ಡ ಮೀನು ಬಂದು ನುಂಗ್ತೈತಂತೆ. ಬಿಲಾತಿಯಿಂದ ತಂದಿದ್ದೆಲ್ಲ ಹರಿದೋಯ್ತು. ಕಟ್ಟಿಕೊಡ್ತೀನಿ ಅಂತ ನಮ್ಮೋರು ಬಾಯಿಬಿಟ್ಟು ಹೇಳಿ ಬಂದವರೆ. ಕಟ್ಟೋದ್ಯಾರು? ನಾನು! ನನ್ನ ಕಣ್ಣಿಗೆ ಸೂಜಿ ಕಾಣಲ್ಲ, ಗರಿ ಕಾಣ್ತೈತಾ?"

ಸಿದ್ದಮ್ಮ ದಾರ ಕೊಟ್ಟಳು. ಕೊಟ್ಟವಳು ಗೋಡೆ ಬಿಟ್ಟು ಹೋಗಬಹುದಿತ್ತು. ಕಣ್ಣು ಆ ಗಾಳದಿಂದ ಏಳಲಿಲ್ಲ. ಅದರ ತಲೆಯ ಹತ್ತಿರ ದಾರ ಸುತ್ತಿ ಮುಗಿಸಿದ ಜಾಗದಲ್ಲಿ ಗಂಟು ಕಾಣುತ್ತಿರಲಿಲ್ಲ. ಸಾವಿರಾರು ಗಾವುದ ಆಚೆ ಯಾರೋ ಒಬ್ಬರು ತನ್ನ ಹಾಗೆಯೇ ತುದಿಯನ್ನು ಸುತ್ತಿನ ಅಡಿಗೆ ತೂರಿಸಿ ಎಳೆದಿದ್ದರು. ಅವರು ಗಂಡಸೋ ಹೆಂಗಸೋ? ಅವರಿಗೂ ಮನೆಯಲ್ಲಿ ಹೀಗೆ ಮಧ್ಯಾಹ್ನಗಳು ಇದ್ದವೇನೋ.

"ಅದನ್ನ ಇಲ್ಲೇ ಬಿಟ್ಟೋಗು" ಎಂದಳು ಸಿದ್ದಮ್ಮ. "ಹೆಂಗೆ ಕಟ್ಟವರೆ ಅಂತ ನೋಡಿ ಹೇಳ್ತೀನಿ."

ಬರೀ ನೋಡುವುದೇ ಅವಳ ಉದ್ದೇಶವಾಗಿತ್ತು. ಒಂದೊಂದೇ ಸುತ್ತು ಬಿಚ್ಚಿ, ಯಾವುದರ ಮೇಲೆ ಯಾವುದು ಬಂದಿದೆ ಎಂದು ತಿಳಿದುಕೊಂಡಳು. ಬಿಚ್ಚಿದ್ದನ್ನು ಮತ್ತೆ ಕಟ್ಟದೆ ಕೊಡುವುದು ಸರಿಯಲ್ಲವೆಂದು ಮೈಯ ದಾರ ಸುತ್ತಿದಳು. ಗರಿ ಮಾತ್ರ ಮುಟ್ಟುವುದಿಲ್ಲ, ಅದನ್ನು ಬೂಬಮ್ಮನೇ ಇಡಲಿ ಎಂದುಕೊಂಡಳು. ಹುಸೇನ್ ಬೀ ಇಟ್ಟ ಗರಿ ಸೊಟ್ಟಗೆ ಕೂತದ್ದು ನೋಡಲಾರದೆ, ನವಿಲುಗರಿಯಾದರೆ ಅಡ್ಡಿಯಿಲ್ಲ, ನವಿಲು ತಾನಾಗಿ ಉದುರಿಸಿದ್ದು ಎಂದು ನವಿಲಿನ ಎಳೆ ಮುಟ್ಟಿದಳು. ಆಮೇಲೆ ಹುಂಜದ ಕತ್ತಿನ ಗರಿ. ಅದು ಹುಸೇನ್ ಬೀಯ ಬದುಕಿರುವ ಹುಂಜವೇ, ಗೋಡೆಯ ಮೇಲೆ ನಿಂತು ಇವರನ್ನೇ ಬೈಯುತ್ತಿತ್ತು. ಸತ್ತದ್ದರ ಗರಿಯಲ್ಲವಲ್ಲ ಎಂದುಕೊಂಡಳು. ಹೀಗೆ ಒಂದೊಂದು ಗೆರೆ ಎಳೆದುಕೊಂಡು, ಒಂದೊಂದನ್ನೂ ದಾಟಿದಳು. ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ಅವಳಿಗೆ ನೆನಪಿತ್ತು. ಜೀವ ತೆಗೆಯಬಾರದು ಎಂದು ಅದೇ ಅಪ್ಪ ಹೇಳಿದ್ದೂ ನೆನಪಿತ್ತು. ಮೊದಲಿನದನ್ನು ಗಟ್ಟಿಯಾಗಿ ನೆನೆದು ಎರಡನೆಯದನ್ನು ಮೆಲ್ಲಗೆ ನೆನೆದಳು. ತಾನು ಬರೀ ಕಟ್ಟುವವಳು, ನೀರಿಗೆ ಬಿಡುವವರು ಬೇರೆ.

ಗಾಳ ಹಿಡಿದುಕೊಳ್ಳಲು ಏನು ಎಂಬ ತೊಡಕಿತ್ತು. ಬೆರಳಲ್ಲಿ ಹಿಡಿದರೆ ಜಾರುತ್ತಿತ್ತು, ಚುಚ್ಚುತ್ತಿತ್ತು. ಕೊನೆಗೆ ಗಂಡ ಅಡಿಕೆ ಕತ್ತರಿಸುವ ಅಡಕೊತ್ತಿನ ಬಾಯಿಗೆ ಗಾಳದ ಬಾಗು ಸಿಕ್ಕಿಸಿ, ಹಿಡಿಗಳನ್ನು ಬಿಗಿಯಾಗಿ ಕಟ್ಟಿ, ಅದನ್ನು ಎರಡು ಪಾದಗಳ ನಡುವೆ ಅಮುಕಿ ಕೂತಳು. ಎರಡು ಕೈಯೂ ಬಿಡುವಾದವು. ಅಂಗಡಿಯ ಜರಿಯ ಚೂರು ಮೈಗೆ ಸುತ್ತಿದಳು. ಗರಿ ಜೋಡಿಯನ್ನು ನಾಲಿಗೆಯ ತೇವದಲ್ಲಿ ನೇವರಿಸುವಂತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ನೇವರಿಸಿದಳು. ತಲೆಗೆ ದಾರದ ಸುತ್ತು, ಮೇಣ, ಆಮೇಲೆ ಕಾಡಿಗೆಯ ಒಂದು ಚುಕ್ಕೆ. ಅದೇ ಕಣ್ಣಾಯಿತು.

ಹಿತ್ತಲಲ್ಲಿ ನೀರು ತುಂಬುವ ಕಲ್ಲುಬಾನಿ ಇತ್ತು. ಅದಕ್ಕೆ ಗರಿಮೀನು ಎಂದು ತಾನೇ ಹೆಸರಿಟ್ಟುಕೊಂಡು, ದಾರ ಪೋಣಿಸಿ, ಅದನ್ನು ಬಾನಿಯ ನೀರಿಗೆ ಬಿಟ್ಟು, ಮೆಲ್ಲಗೆ ಎಳೆದಳು.

ಒಣಗಿದ್ದಾಗ ಸತ್ತ ಹಕ್ಕಿಯ ಚೂರಿನ ಹಾಗಿದ್ದದ್ದು ನೀರು ಮುಟ್ಟಿದ ಕೂಡಲೇ ಮೈ ಕೂಡಿಸಿಕೊಂಡಿತು. ಎಳೆದರೆ ಸಣ್ಣಗಾಗಿ ಸರ್ರನೆ ಹೋಗುವುದು. ಬಿಟ್ಟರೆ ಗರಿ ಅರಳಿ ಉಸಿರು ಬಿಡುವುದು. ಮತ್ತೆ ಎಳೆದರೆ ಹೆದರಿ ಓಡುವುದು. ಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತನ್ನ ಕೈಯಿಂದ ಎಷ್ಟೋ ಮಾರು ದಾರ ಹೋಗಿತ್ತು. ಅದರಲ್ಲಿ ಒಂದೂ ತಾನಾಗಿ ಮಿಸುಕಿರಲಿಲ್ಲ.

ಅಂದಿನಿಂದ ಮಧ್ಯಾಹ್ನಗಳು ಬೇರೆಯಾದವು. ತಳಮಳ ಹೋಗಲಿಲ್ಲ, ಅದಕ್ಕೊಂದು ಹೆಸರು ಸಿಕ್ಕಿತು. ಅಡಿಗೆ ಮುಗಿಸುವ ಆತುರ, ಗಂಡ ಅಂಗಡಿಗೆ ಹೋಗಲೆಂಬ ಕಾತರ, ಯಾರಾದರೂ ಹಿತ್ತಲಿಗೆ ಬಂದರೆ ಎಂಬ ಅಂಜಿಕೆ.

"ಈ ಅಡಕೊತ್ತಿಗೆ ಏನಾಯ್ತೇ?" ಎಂದು ಮುರುಗಪ್ಪ ಊಟವಾದ ಮೇಲೆ ಗೊಣಗುವನು. "ಅಡಿಕೆ ಕತ್ತರಿಸಲ್ಲ, ಅಗಿತೈತೆ. ಮುದುಕೀರಂಗೆ ಇದರ ಹಲ್ಲೂ ಬಿದ್ದವೆ."

"ಭೀಮಸಮುದ್ರದ ಅಡಿಕೆ ಗಟ್ಟಿ ಇರ್ತವೆ ಕಣ್ರೀ" ಎನ್ನುವಳು ಸಿದ್ದಮ್ಮ, ಬಚ್ಚಲ ಕಡೆ ಮುಖ ತಿರುಗಿಸಿ.

ಮುಂಗಾರು ಶುರುವಾಗುವ ಹೊತ್ತಿಗೆ ಹಾಲಮ್ಮ ಹೆರಿಗೆಗೆ ಬಂದಳು. ಕತ್ತಿನ ಹತ್ತಿರ ಕಪ್ಪಾಗಿ, ಕಾಲು ಊದಿಕೊಂಡು, ತಾಯಿಯ ಮಗ್ಗುಲು ಬಿಡದೆ ಮಲಗಿದಳು. ಮಗಳು ಬಂದರೆ ಎಲ್ಲ ಸರಿಹೋಗುತ್ತದೆಂದು ಸಿದ್ದಮ್ಮ ಎರಡು ವರ್ಷ ನಂಬಿದ್ದಳು. ಈಗ ಮಗಳ ಕಾಲು ಒತ್ತುತ್ತ ಕೂತಾಗಲೂ ಬೆರಳುಗಳು ಯಾವುದೋ ಗರಿಯ ಬೆನ್ನು ನೇವರಿಸುತ್ತಿದ್ದವು. ಅದಕ್ಕೆ ನಾಚಿಕೆಯಾಗಿ ಇನ್ನೂ ಗಟ್ಟಿಯಾಗಿ ಒತ್ತುವಳು.

"ಮೆಲ್ಲಗಮ್ಮಾ, ಹಿಟ್ಟು ನಾದ್ತಿದಿಯಾ?" ಎಂದು ಹಾಲಮ್ಮ ಕಾಲು ಎಳೆದುಕೊಂಡಳು. ಆಮೇಲೆ ತಾಯಿಯ ಮುಖ ನೋಡಿ, "ಏನು ಯೋಚನೆ ಮಾಡ್ತಾ ಇದ್ದೀಯ? ನಾನು ಇಲ್ಲೇ ಇದ್ದೀನಿ, ನೀನೇ ಎಲ್ಲೋ ಹೋಗಿದ್ದೀಯ" ಎಂದಳು.

ಹುಟ್ಟುವ ಕೂಸಿಗೆ ಮಠದ ಅಯ್ಯನವರು ಲಿಂಗ ಕಟ್ಟುವ ದಾರವನ್ನು ತಾಯಿಯ ತಾಯಿ ಹೊಸೆಯಬೇಕೆಂಬುದು ಸಿದ್ದಮ್ಮನ ತವರಿನ ಪದ್ಧತಿ. ಕೂತಲ್ಲಿಂದ ಏಳದೆ ಒಂದೇ ಸಲಕ್ಕೆ ಹೊಸೆದು ಮುಗಿಸಬೇಕು, ಅದಕ್ಕೆ ಕತ್ತರಿ ತಾಗಿಸಬಾರದು. ಉಳಿದರೆ ಉಳಿಯಲಿ, ಅರಿಶಿನದ ಕೊಂಬಿಗೆ ಸುತ್ತಿ ದೇವರ ಗೂಡಿನಲ್ಲಿ ಇಡಬೇಕು. ಸಿದ್ದಮ್ಮ ಒಂದು ಸೋಮವಾರ ಬೆಳಿಗ್ಗೆ ಮಿಂದು ಕೂತು, ಹತ್ತಿಯ ಒಳ್ಳೆಯ ಹಂಜಿ ಆರಿಸಿ, ಕೂದಲಿನಷ್ಟು ತೆಳ್ಳಗೆ ನೂಲು ತೆಗೆದು ಆ ದಾರ ಮಾಡಿದಳು. ಅಂಥ ದಾರ ಅವಳ ಕೈಯಿಂದಲೂ ಅದೇ ಮೊದಲು ಬಂದದ್ದು. ಕೊಂಬಿಗೆ ಸುತ್ತುವಾಗ, ಬೇಡ ಬೇಡವೆಂದರೂ, ಇದು ಗರಿಮೀನಿನ ತಲೆಗೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಮನಸ್ಸು ಹೇಳಿತು.

ಕೆಲವು ದಿನ ಕಳೆದು ಹುಸೇನ್ ಬೀ ಗೋಡೆಯ ಹತ್ತಿರ ಕರೆದಳು.

"ಸಿದ್ದಕ್ಕಾ, ಒಂದೇ ಒಂದು. ಇದೇ ಕಡೇದು ಅಂತವರೆ ನಮ್ಮೋರು. ದೊರೆಗೆ ಬೇರೆ ಕಡೆ ವರ್ಗ ಆಗೈತೆ. ಬೇವಿನಮರದ ಮಡುವಿನಾಗೆ ಒಂದು ಕೊರಮೀನು ಐತಂತೆ, ತೋಳಿನಷ್ಟು ದಪ್ಪ. ಏನು ಹಾಕಿದ್ರೂ ತಿರುಗಿ ನೋಡಲ್ವಂತೆ. ಅದನ್ನ ಹಿಡಿದೇ ಹೋಗ್ಬೇಕು ಅಂತ ದೊರೆ ಹಟ. ಕೆಂಪಗಿರೋದು ಬೇಕಂತೆ. ಸಣ್ಣಗೆ, ಕೆಂಡದಂಗೆ."

"ಕೆಂಪು ಮೀನು ಎಲ್ಲೈತೆ ನಮ್ಮ ಹೊಳೆಯಾಗೆ?"

"ನಂಗೇನು ಗೊತ್ತು? ಕೆಂಪು ಅಂದ್ರೆ ಕೆಂಪು. ದೊರೆಗಳ ತಲೆ!"

ಕೆಂಪು ಎಂದ ಕೂಡಲೇ ಸಿದ್ದಮ್ಮನಿಗೆ ತಾನು ಏನು ಹಾಕುತ್ತೇನೆಂದು ಗೊತ್ತಾಗಿಬಿಟ್ಟಿತ್ತು. ಹಾಲಮ್ಮ ಚಿಕ್ಕವಳಿದ್ದಾಗ ಜಡೆಗೆ ಹಾಕುತ್ತಿದ್ದ ರೇಷ್ಮೆ ಕುಚ್ಚು ಪೆಟ್ಟಿಗೆಯ ತಳದಲ್ಲಿತ್ತು. ಅದರ ಕೆಂಪು ಈಗಿನ ಯಾವ ರೇಷ್ಮೆಗೂ ಇಲ್ಲ. ಒಂದೆರಡು ಎಳೆ ತೆಗೆದರೆ ಯಾರಿಗೆ ತಿಳಿಯುತ್ತದೆ?

ಮಧ್ಯಾಹ್ನ ಮಗಳು ನಿದ್ದೆಹೋದ ಮೇಲೆ ಕೂತಳು. ಮೋಡ ಕವಿದು ಗಾಳಿಯೆಲ್ಲ ತೇವ. ಹಂಜಿ ಮೆತ್ತಗಾಗಿ ನೂಲು ಹಿಡಿದಲ್ಲೆಲ್ಲ ತುಂಡಾಯಿತು. ಬುಟ್ಟಿಯಲ್ಲಿದ್ದ ದಾರ ಈ ಸಣ್ಣ ಗಾಳಕ್ಕೆ ಹಗ್ಗದ ಹಾಗೆ ಕಂಡಿತು. ಎರಡು ಸಲ ಕಟ್ಟಿ ಎರಡು ಸಲ ಬಿಚ್ಚಿದಳು. ಎದ್ದು ಒಳಗೆ ಹೋದಳು, ನೀರು ಕುಡಿದಳು, ಬಂದಳು, ಮತ್ತೆ ಹೋದಳು. ದೇವರ ಗೂಡಿನ ಮುಂದೆ ಯಾಕೆ ನಿಂತೆನೆಂದು ತನಗೇ ಗೊತ್ತಿಲ್ಲದವಳ ಹಾಗೆ ನಿಂತಳು.

ಕೂಸು ಬರಲು ಇನ್ನೂ ದಿನವಿದೆ. ಬಿಸಿಲು ಬಿದ್ದರೆ ಬೇರೆ ಹೊಸೆಯಬಹುದು. ಕೊಂಬಿನ ತುದಿಯಿಂದ ಒಂದು ಮೊಳದಷ್ಟು ಬಿಚ್ಚಿ, ಕತ್ತರಿ ಮುಟ್ಟದೆ, ಹಲ್ಲಿನಿಂದ ಕಡಿದಳು. ಕತ್ತರಿ ತಾಗಿಸಬಾರದೆಂದಲ್ಲವೇ ಹೇಳಿರುವುದು, ಹಲ್ಲು ಎಂದಿಲ್ಲವಲ್ಲ!

ಗರಿಮೀನು ಅರ್ಧ ಗಳಿಗೆಯಲ್ಲಿ ಮುಗಿಯಿತು. ಕೆಂಪು ರೇಷ್ಮೆಯ ಮೈ, ಅದರೊಳಗಿಂದ ಇಣುಕುವ ಜರಿ, ಹೊಗೆಯಂಥ ಎರಡು ಗರಿ, ಎಳ್ಳಿಗಿಂತ ಸಣ್ಣ ಕಣ್ಣು. ಸಿದ್ದಮ್ಮ ಅದನ್ನು ಬಾನಿಯ ನೀರಲ್ಲಿ ಎಳೆದು ನೋಡಿದಳು. ಇದಕ್ಕಿಂತ ಚೆಂದ ತನ್ನಿಂದ ಇನ್ನು ಆಗದು. ಅದನ್ನು ಗೋಡೆಯಾಚೆ ಕೊಡುವಾಗ ಬೆರಳು ಬಿಡಲೊಲ್ಲದು. ಹುಸೇನ್ ಬೀ ಕಿತ್ತುಕೊಂಡಂತೆ ತೆಗೆದುಕೊಂಡಳು.

ಮರುದಿನ ಬೆಳಗಿನ ಜಾವಕ್ಕೇ ಹಾಲಮ್ಮನಿಗೆ ನೋವು ಕಾಣಿಸಿಕೊಂಡಿತು. ಇನ್ನೂ ದಿನ ತುಂಬಿರಲಿಲ್ಲ. ಸೂಲಗಿತ್ತಿ ತಿಪ್ಪಕ್ಕ ಬಂದು ಗದರಿ ಎಲ್ಲರನ್ನೂ ಹೊರಗಟ್ಟಿದಳು. ಹೊತ್ತು ನೆತ್ತಿಗೇರುವಷ್ಟರಲ್ಲಿ ಹೆಣ್ಣು ಕೂಸು. ಅಂಗೈಯಗಲ, ಕೆಂಪಗೆ, ಆದರೆ ಅಳುವ ಜೋರಿಗೆ ಪೇಟೆಯೆಲ್ಲ ಕೇಳಬೇಕು.

"ಇದು ಹೊಳಲ್ಕೆರೆ ಗಂಟಲು" ಎಂದು ತಿಪ್ಪಕ್ಕ ನಕ್ಕಳು. "ಸಣ್ಣದು ಅಂತ ಹೆದರಬ್ಯಾಡ್ರಿ, ಬದುಕೋ ಕೂಸು ಇದು."

ಹೆದರಿದ್ದ ಮುರುಗಪ್ಪ ಮಠಕ್ಕೆ ಓಡಿಹೋಗಿ ಬಂದ. ಕೂಸು ಸಣ್ಣದಾದ್ದರಿಂದ ತಡ ಮಾಡುವುದು ಬೇಡ, ನಾಳೆ ಬೆಳಿಗ್ಗೆಯೇ ಬಂದು ಲಿಂಗ ಕಟ್ಟುತ್ತೇನೆ ಎಂದಿದ್ದರು ಅಯ್ಯನವರು. ದಾರ ಇದೆಯಷ್ಟೇ, ಎಂದು ಅವನು ಕೇಳಿದ. "ಐತೆ" ಎಂದಳು ಸಿದ್ದಮ್ಮ. ಗೂಡಿನಲ್ಲಿದ್ದ ಕೊಂಬಿನ ಮೇಲೆ ಕೂಸಿಗೆ ಸಾಕಾಗುವಷ್ಟು ದಾರ ಇನ್ನೂ ಇತ್ತು. ಹಲ್ಲು ತಾಗಿದ ತುದಿಯನ್ನು ಒಳಗೆ ಮಡಚಿದ್ದಳು.

ಸಂಜೆ ಹುಸೇನ್ ಬೀ ಗೋಡೆಯ ಮೇಲಿಂದ ಕಲ್ಲುಸಕ್ಕರೆ ಕೊಟ್ಟಳು. ಪಕ್ಕದಲ್ಲಿ ಜಮಾಲ್ ಸಾಬನೂ ನಿಂತಿದ್ದ, ತಲೆಗೆ ಟೊಪ್ಪಿ, ಮುಖದ ತುಂಬ ನಗು.

"ಸಿದ್ದಕ್ಕಾ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು! ಒಂದೇ ಎಸೆತ. ಎರಡನೇದು ಬೇಕಾಗ್ಲೇ ಇಲ್ಲ. ದೊರೆ ಕುಣಿದುಬಿಟ್ರು ಮಕ್ಕಳಂಗೆ."

"ಅಷ್ಟು ದಿನ ಬರದೇ ಇದ್ದಿದ್ದು ಇವತ್ತು ಹೆಂಗೆ ಬಂತು? ಹಸಿವಾಗಿತ್ತೇನೋ" ಎಂದಳು ಸಿದ್ದಮ್ಮ. ಸಂತೋಷ ಮುಚ್ಚಿಡಲು ಏನೋ ಒಂದು ಕೇಳಿದಳು.

"ಹಸಿವು ಎಲ್ಲೀದು ಅಕ್ಕ? ಕೊರಮೀನು ಈಗ ಮರಿ ಕಾಯೋ ಕಾಲ. ಮರಿಗಳು ಕೆಂಪಗೆ ಇರ್ತವೆ, ಒಂದು ಬುಟ್ಟಿ ಕೆಂಡ ನೀರಿಗೆ ಸುರಿದಂಗೆ ಗುಂಪು ಕಟ್ಟಿಕೊಂಡು ಮೇಲೆ ಆಡ್ತವೆ. ತಾಯಿ ತಂದೆ ಎರಡೂ ಕೆಳಗೆ ನಿಂತು ಕಾಯ್ತವೆ. ಊಟ ಮುಟ್ಟಲ್ಲ ಅವು ಆವಾಗ. ಗುಂಪಿನಾಗೆ ಯಾವನಾದ್ರೂ ಹೊಸಬ ಬಂದ ಅಂದ್ರೆ ಮಾತ್ರ ಬಂದು ಬಡೀತವೆ. ಅದಕ್ಕೇ ದೊರೆ ಕೆಂಪು ಕೇಳಿದ್ದು. ನಿಮ್ಮದು ಗುಂಪಿನಾಗೆ ಸೇರಿಕೊಂಡ್ತು ನೋಡ್ರಿ, ನಮಗೇ ಯಾವುದು ಯಾವುದು ತಿಳೀಲಿಲ್ಲ. ತಾಯಿ ಬಂದು ಬಡೀತು, ಸಿಕ್ಕಿಬಿತ್ತು. ಇನ್ನೊಂದು ಅಲ್ಲೇ ಸುತ್ತುತಾ ಐತೆ. ನಾಳೆ ಬೆಳಿಗ್ಗೆ ಅದನ್ನೂ ತೆಗೀತೀವಿ, ಆಮೇಲೆ ದೊರೆ ಹೊರಟರು."

ಒಳಗಿಂದ ಕೂಸು ಅಳುವುದು ಕೇಳಿಸುತ್ತಿತ್ತು.

ಆ ರಾತ್ರಿ ಅವಳು ಮಲಗಿದಳು ಎಂದು ಹೇಳುವುದಕ್ಕಾಗದು. ಬೆಳಗಾಗುವ ಹೊತ್ತಿಗೆ ಬಚ್ಚಲ ಒಲೆಗೆ ಬೆಂಕಿ ಹಾಕಿದಳು. ಹಂಡೆ ಕಾಯುವಷ್ಟರಲ್ಲಿ ಅಯ್ಯನವರು ಬರುತ್ತಾರೆ. ಗೂಡಿನಿಂದ ಕೊಂಬು ತೆಗೆದು ನೋಡಿದಳು. ಕೂಸಿನ ಕೊರಳಿಗೆ ಬೀಳುವ ದಾರ, ನೀರಿನಲ್ಲಿರುವ ದಾರ, ಎರಡೂ ಒಂದೇ ಎಳೆ. ಒಂದೇ ಸಲ ಕೂತು ಹೊಸೆದದ್ದು. ಆ ತುದಿ ಈಗ ಇನ್ನೊಂದು ಬಾಯಿಗಾಗಿ ಹೊಳೆಯ ಕಡೆ ಹೊರಟಿರಬಹುದು. ಅವಳು ಕೊಂಬನ್ನು ಸೊಂಟಕ್ಕೆ ಸಿಕ್ಕಿಸಿದಳು, ಹಿತ್ತಾಳೆ ಕೊಡ ಎತ್ತಿಕೊಂಡಳು.

"ಹೊಳೆ ನೀರು ತರ್ತೀನಿ" ಎಂದಳು, ಯಾರೂ ಕೇಳದಿದ್ದರೂ.

ಬೇವಿನಮರದ ಮಡು ಹೆಂಗಸರು ನೀರು ತುಂಬುವ ಘಟ್ಟಕ್ಕಿಂತ ಮೇಲಿತ್ತು. ಸಿದ್ದಮ್ಮ ಅಲ್ಲಿಗೆ ಎಂದೂ ಹೋದವಳಲ್ಲ. ಜೊಂಡು ದಾಟಿ ಬಂದಾಗ ಮೊದಲು ಕಂಡದ್ದು ದೊರೆಯ ಬಿಳಿಯ ಟೋಪಿ. ಮೊಣಕಾಲವರೆಗೆ ನೀರಲ್ಲಿ ನಿಂತಿದ್ದ. ದಡದಲ್ಲಿ ಬಲೆ ಹಿಡಿದ ಜಮಾಲ್ ಸಾಬ್ ಅವಳನ್ನು ನೋಡಿ ಬಾಯಿ ತೆರೆದ.

"ಸಿದ್ದಕ್ಕಾ! ನೀವು ಇಲ್ಲಿ ಯಾಕೆ ಬಂದ್ರಿ? ಮನೆಯಾಗೆ ಎಲ್ಲ ನೆಟ್ಟಗೆ ಐತಾ?"

"ಅದನ್ನ ವಾಪಸ್ ಕೊಡ್ರಿ ಅನ್ರಿ" ಎಂದಳು ಸಿದ್ದಮ್ಮ. ಉಸಿರು ಸಾಲುತ್ತಿರಲಿಲ್ಲ. "ಅದರ ದಾರ ನಮ್ಮ ಕೂಸಿಂದು."

"ಏನ್ ದಾರ? ಸುಮ್ಕಿರ್ರಿ ಅಕ್ಕ, ದೊರೆ ಎಸೀತಾ ಅವರೆ. ಕಟ್ಟೋಳು ನನ್ನ ಹೆಂಡ್ತಿ ಅಂತ ಹೇಳೀನಿ ನಾನು…"

ಬೆತ್ತ ಹಿಂದಕ್ಕೆ ಬಾಗಿ ಮುಂದಕ್ಕೆ ಬಂತು. ದಾರದ ತುದಿಯಲ್ಲಿ ಕೆಂಪನೆಯ ಒಂದು ಚುಕ್ಕೆ ಗಾಳಿಯಲ್ಲಿ ಹಾರಿ, ಮಡುವಿನ ನಡುವೆ ಮೆತ್ತಗೆ ಕೂತಿತು. ಅಲ್ಲಿ ನೀರಿನ ಮೇಲೆ ಅಂಗಳದಲ್ಲಿ ಕುಂಕುಮ ಚೆಲ್ಲಿದ ಹಾಗೆ ಮರಿಗಳು. ಒಟ್ಟಿಗೆ ಮೇಲೆ ಬಂದು ಉಸಿರು ತೆಗೆದುಕೊಂಡು ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಅವುಗಳ ನಡುವೆ ಅವಳದು ಸೇರಿಕೊಂಡಿತು. ದೊರೆ ಬೆರಳಲ್ಲಿ ದಾರ ಎಳೆದ, ಬಿಟ್ಟ. ಅದು ಸಣ್ಣಗಾಯಿತು, ಅರಳಿತು. ಬಾನಿಯಲ್ಲಿ ಎಂದೂ ಹೀಗೆ ಈಜಿರಲಿಲ್ಲ. ಇಲ್ಲಿ ಅದಕ್ಕೆ ಬಳಗವಿತ್ತು.

ಸಿದ್ದಮ್ಮನಿಗೆ ಒಂದು ಕ್ಷಣ ಎಲ್ಲ ಮರೆತುಹೋಯಿತು. ಬಂದ ಕೆಲಸವೂ, ಕೂಸೂ. ಕೆಳಗಿನ ಕಪ್ಪಿನಿಂದ ಉದ್ದನೆಯ ನೆರಳೊಂದು ಮೇಲೇಳುತ್ತಿದ್ದದ್ದು ಕಂಡಿತು. ಬಾ ಎಂದಿತು ಅವಳ ಒಳಗಿನ ಯಾವುದೋ ಒಂದು. ಬಾ, ನೋಡು, ನನ್ನದು ನಿನ್ನದೇ ಮರಿಯ ಹಾಗಿದೆಯೋ ಇಲ್ಲವೋ. ಆ ದನಿ ತನ್ನದೇ ಎಂದು ಅವಳಿಗೆ ಗೊತ್ತಾಯಿತು.

ನೀರಿಗಿಳಿದು, ಕೊಡವನ್ನು ಎರಡು ಕೈಯಲ್ಲಿ ಎತ್ತಿ ಬಡಿದಳು.

ಮಡುವೆಲ್ಲ ಸದ್ದಾಯಿತು. ಕೆಂಪು ಒಡೆದು ಮೂಲೆಮೂಲೆಗೆ ಚದುರಿತು, ನೆರಳು ಮುಳುಗಿತು. ಬಕ ಒಂದು ಜೊಂಡಿನಿಂದ ಎದ್ದು ಹಾರಿತು. ದೊರೆ ತಿರುಗಿ ನೋಡಿದ. ಮುಖ ಮರಿಗಳಿಗಿಂತ ಕೆಂಪಾಗಿತ್ತು. ತನ್ನ ಭಾಷೆಯಲ್ಲಿ ಏನೇನೋ ಕೂಗಿದ. ಜಮಾಲ್ ಸಾಬ್ ಬಲೆ ಬಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಹೇಳ್ರಿ ಅವರಿಗೆ" ಎಂದಳು ಸಿದ್ದಮ್ಮ. ಸೊಂಟದವರೆಗೆ ಒದ್ದೆಯಾಗಿತ್ತು. "ಕಟ್ಟಿದೋಳು ನಾನು. ನಿಮ್ಮ ಹೆಂಡ್ತಿ ಅಲ್ಲ, ನಾನು. ನಂದು ನಂಗೆ ಬೇಕು."

ಜಮಾಲ್ ಸಾಬ್ ಏನು ಹೇಳಿದನೋ, ಬಹಳ ಹೊತ್ತು ಕೈ ಆಡಿಸಿ ಹೇಳಿದ. ದೊರೆ ಅವಳ ಮುಖ ನೋಡಿದ, ಅವಳ ಕೈ ನೋಡಿದ. ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ದಾರ ಎಳೆದುಕೊಂಡು, ಅದನ್ನು ಹಲ್ಲಿನಿಂದ ಕಡಿದು ಗರಿಮೀನನ್ನು ಬಿಡಿಸಿ, ಅಂಗೈಯಲ್ಲಿ ಒಂದು ಸಲ ತಿರುಗಿಸಿ ನೋಡಿ, ಜಮಾಲ್ ಸಾಬನ ಕೈಗೆ ಹಾಕಿದ. ಏನೋ ಒಂದು ಮಾತು ಹೇಳಿದ.

"ಏನಂತೆ?" ಎಂದಳು ಸಿದ್ದಮ್ಮ.

"ಇಂಥದ್ದು ಅವರ ಊರಾಗೂ ಕಟ್ಟಲ್ವಂತೆ" ಎಂದ ಜಮಾಲ್ ಸಾಬ್, ಅವಳತ್ತ ನೋಡದೆ ಗರಿಮೀನನ್ನು ಅವಳ ಕೈಗಿಟ್ಟು. "ಹೋಗ್ರಿ ಅಕ್ಕ ಈಗ. ಇವತ್ತು ನನ್ನ ಬುತ್ತಿ ನನಗೆ ಇಳಿಯಲ್ಲ."

ಆ ಮಾತು ಅವಳ ಜೊತೆ ದಾರಿಯುದ್ದಕ್ಕೂ ಬಂತು. ಸಂತೋಷಪಡಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಮನೆಗೆ ಬಂದಾಗ ಅಯ್ಯನವರು ಪಡಸಾಲೆಯ ಕಂಬಳಿಯ ಮೇಲೆ ಕೂತು ಹಾಲು ಕುಡಿದು ಮುಗಿಸಿದ್ದರು. ಮುರುಗಪ್ಪ ಬಾಗಿಲಿಗೂ ಒಳಗೂ ಓಡಾಡುತ್ತಿದ್ದ.

"ಎಲ್ಲಿಗೆ ಹಾಳಾಗಿ ಹೋಗಿದ್ಯೇ? ಗೂಡಿನಾಗೆ ದಾರ ಇಲ್ಲ! ಒದ್ದೆ ಯಾಕಾಗಿದ್ದೀಯ?"

"ಊರಿಗೆಲ್ಲ ದಾರ ಕೊಡೋ ಮನೆ" ಎಂದು ಅಯ್ಯನವರು ನಕ್ಕರು. "ಮನೆ ಕೂಸಿಗೆ ಅಂಗಡಿಯಿಂದ ತರ್ಬೇಕೇನಪ್ಪ ಮುರುಗಪ್ಪ?"

"ಬುದ್ಧೀ, ಸ್ವಲ್ಪ ಕುಂತ್ಕಳ್ರಿ. ಮಾಡಿದ್ದ ದಾರ ಬೇರೆ ಕೆಲಸಕ್ಕೆ ಹೋಯ್ತು. ಈಗ ಹೊಸೆದು ಕೊಡ್ತೀನಿ" ಎಂದಳು ಸಿದ್ದಮ್ಮ.

ಸೀರೆ ಬದಲಿಸಿ, ಬಚ್ಚಲ ಒಲೆಯ ಹತ್ತಿರ ಹಂಜಿ ಕಾಯಿಸಿ ಒಣಗಿಸಿಕೊಂಡು, ಬಾಣಂತಿಯ ಕೋಣೆಯಲ್ಲೇ ಕೂತಳು. ಹಾಲಮ್ಮ ಕೂಸಿಗೆ ಮೊಲೆ ಕೊಡುತ್ತ ತಾಯಿಯನ್ನೇ ನೋಡುತ್ತಿದ್ದಳು. ನೂಲು ಬರತೊಡಗಿತು. ಕೈ ತಾನಾಗಿ ನಡೆಯಲಿಲ್ಲ ಈ ಸಲ. ಒಂದೊಂದು ಎಳೆಯನ್ನೂ ಕಣ್ಣಿಟ್ಟು ಹಿಡಿಯಬೇಕಾಯಿತು.

"ಅಮ್ಮಾ" ಎಂದಳು ಹಾಲಮ್ಮ ಮೆಲ್ಲಗೆ. "ಅಲ್ಲಿ ನೆಲದ ಮೇಲೆ ನೀನು ಇಟ್ಟಿರೋದು. ಅದರಾಗೆ ನನ್ನ ಜಡೆ ಕುಚ್ಚಿನ ರೇಷ್ಮೆ ಐತೆ."

ಸಿದ್ದಮ್ಮ ಇನ್ನೊಂದು ಹಂಜಿ ಎತ್ತಿಕೊಂಡಳು.

"ನಿನ್ನ ಸೆರಗಿನಾಗೆ ಗರಿ ನೋಡಿದೀನಿ, ಬಂದಾಗಿಂದ. ನಾನು ನಿದ್ದೆ ಮಾಡ್ತೀನಿ ಅಂದ್ಕಂಡಿದ್ದೆ ನೀನು." ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಬೈಯುತ್ತಾಳೆಂದು ಸಿದ್ದಮ್ಮ ಕಾದಳು. ಹಾಲಮ್ಮ ಕೇಳಿದ್ದು ಬೇರೆ.

"ಚೆನ್ನಾಗಿ ಬಂದಿತ್ತಾ?"

ಸಿದ್ದಮ್ಮನ ಕೈ ನಿಂತಿತು. ಇಷ್ಟು ದಿನದಲ್ಲಿ ಯಾರೂ ಅದನ್ನು ಅವಳಲ್ಲಿ ಕೇಳಿರಲಿಲ್ಲ.

"ಬಂದಿತ್ತು ಕಣೇ" ಎಂದಳು. "ಬಾಳ ಚೆನ್ನಾಗಿ ಬಂದಿತ್ತು. ಅದಕ್ಕೇ…" ಕಣ್ಣೀರು ನೂಲಿನ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿದಳು. ನೂಲು ಒದ್ದೆಯಾದರೆ ತುಂಡಾಗುತ್ತದೆ.

ಅಯ್ಯನವರು ಹೊಸ ದಾರದಲ್ಲಿ ಲಿಂಗ ಕಟ್ಟಿ, ಹರಸಿ ಹೋದರು. ಹಳೆಯ ದಾರವನ್ನು ಸಿದ್ದಮ್ಮ ಬಾನಿಯ ಪಕ್ಕದ ಬಿಲ್ವದ ಬುಡಕ್ಕೆ ಹೂತಳು. ಗರಿಮೀನಿನ ಸುತ್ತು ಬಿಚ್ಚಿ, ಗಾಳವನ್ನು ಮಾತ್ರ ಗೋಡೆಯಾಚೆ ಕೊಟ್ಟಳು. ದೊರೆ ಹೊರಟುಹೋದ. ಜಮಾಲ್ ಸಾಬ್ ಒಂದು ವಾರ ಗೋಡೆಯ ಕಡೆ ಬರಲಿಲ್ಲ. ಆಮೇಲೆ ಬಂದು ಕೂಸಿನ ಹೆಸರು ಕೇಳಿದ.

ಕೂಸನ್ನು ನೋಡಲು ಬಂದವರೊಬ್ಬರ ಬಾಯಿಂದ ಮಡುವಿನ ಸುದ್ದಿ ಮುರುಗಪ್ಪನಿಗೂ ತಲುಪಿತು. ಒಂದು ಸಂಜೆ ಅವನು ಅಂಗಡಿಯಿಂದ ಹೊಸ ಅಡಕೊತ್ತು ತಂದ. ಎಲೆಯಡಿಕೆ ತಟ್ಟೆಗೆ ಅದನ್ನಿಟ್ಟು, ಹಳೆಯದನ್ನು ಹೆಂಡತಿಯ ದಾರದ ಬುಟ್ಟಿಯ ಪಕ್ಕಕ್ಕೆ ಸರಿಸಿ, "ಇದು ನಂಗೆ ಬ್ಯಾಡ, ನೀನೇ ಇಟ್ಕ" ಎಂದ. ಅಷ್ಟೇ. ಸಿದ್ದಮ್ಮ ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು.

ಬುಟ್ಟಿಯ ಪಕ್ಕ ಅದು ಇದ್ದದ್ದೇ ಕಷ್ಟವಾಯಿತು. ಕೆಲವು ದಿನ ನೋಡದವಳ ಹಾಗಿದ್ದಳು. ಮಗಳನ್ನು ಕಳಿಸಿಕೊಡುವ ತಿಂಗಳು ಹತ್ತಿರ ಬಂದ ಹಾಗೆಲ್ಲ ಬೆರಳು ತುಡಿಯಿತು. ಕಡೆಗೆ ಒಂದು ಪೊರಕೆಕಡ್ಡಿಯ ತುಂಡನ್ನು ಅಡಕೊತ್ತಿಗೆ ಸಿಕ್ಕಿಸಿ, ಅದಕ್ಕೆ ಕೆಂಪು ರೇಷ್ಮೆ, ಜರಿ, ಹುಂಜದ ಗರಿ ಕಟ್ಟಿದಳು. ಗಾಳವಿಲ್ಲದ ಗರಿಮೀನು. ತೊಟ್ಟಿಲ ಮೇಲೆ ತೂಗುಹಾಕಿದರೆ ಹಾಲಮ್ಮ ಚಪ್ಪಾಳೆ ತಟ್ಟಿದಳು. ಸಿದ್ದಮ್ಮನಿಗೆ ಅದು ಸತ್ತ ಹಕ್ಕಿಯ ಚೂರಿನ ಹಾಗೇ ಕಂಡಿತು. ಅದು ಬದುಕುವುದು ಎಲ್ಲಿ ಎಂದು ಅವಳಿಗೆ ಗೊತ್ತಿತ್ತು.

ಹೊಳಲ್ಕೆರೆಗೆ ಹೊರಡುವ ಹಿಂದಿನ ದಿನ, ಹಾಲಮ್ಮ ಗಂಟುಮೂಟೆ ಕಟ್ಟುತ್ತಿದ್ದಾಗ, ಸಿದ್ದಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲಿಗೆ ಬಂದಳು. ತೊಟ್ಟಿಲಿಂದ ಬಿಚ್ಚಿದ ಗರಿಮೀನನ್ನು ಬಾನಿಯ ನೀರಿಗೆ ಬಿಟ್ಟು ಎಳೆದಳು. ಅದು ಮೈ ಕೂಡಿಸಿಕೊಂಡು ಸರ್ರನೆ ಹೋಯಿತು. ನಿಂತಿತು, ಅರಳಿತು. ಕೂಸಿನ ಕಣ್ಣುಗಳು ಅದರ ಹಿಂದೆ ಹೋದವು. ಅಳು, ಕೇಕೆ ಎಲ್ಲ ನಿಂತು ಮೈ ಬಿಗಿಯಿತು. ಇನ್ನೊಂದು ಸಲ ಎಳೆದಾಗ ಕೂಸು ಕಂಕುಳಿಂದ ಮುಂದಕ್ಕೆ ನುಗ್ಗಿ, ನೀರು ಬಡಿದು, ಗರಿಮೀನನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಿತು.

ಗಾಳವಿಲ್ಲವೆಂದು ಗೊತ್ತಿದ್ದೂ ಸಿದ್ದಮ್ಮ ಬಾಗಿ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಒದ್ದೆ ರೇಷ್ಮೆ, ಗರಿ, ನೀರು. ಕೂಸು ನಕ್ಕಿತು, ಮತ್ತೆ ಬೇಕೆಂದು ಕೈ ಚಾಚಿತು. ಸಿದ್ದಮ್ಮ ಮತ್ತೆ ಬಿಟ್ಟಳು.